ಸಂಗೀತ ಕಛೇರಿಯ ಪ್ರವೇಶಧನವೂ ಶ್ರೋತೃಪರಂಪರೆಯೂ

೧

ಸಂಗೀತವನ್ನು ಹಣಕೊಟ್ಟು ಕೇಳುವುದು ಯುಕ್ತವೇ ಅಲ್ಲವೇ ಎಂಬ ಚರ್ಚೆ ಹಳೆಯದಾಯಿತು. ಗಾಯಕನಿಗೂ ಸಂಸಾರವುಂಟು, ಪಕ್ಕವಾದ್ಯದವರಿಗೂ ಹೊಟ್ಟೆಯುಂಟು, ಸಭಾಂಗಣಕ್ಕೆ ಬಾಡಿಗೆಯುಂಟು. ಈ ವೆಚ್ಚವನ್ನು ಕೇಳುವವರು ಭರಿಸಬೇಕಾದುದು ನ್ಯಾಯವೇ ಸರಿ. ಇಂದು ವಿಚಾರಕ್ಕೆ ಬಂದಿರುವ ಪ್ರಶ್ನೆ ಬೇರೆ: ಪ್ರವೇಶಧನವು ಯಾವ ಎಲ್ಲೆಯನ್ನು ಮೀರಿದರೆ ಸಂಗೀತವನ್ನು ಪೋಷಿಸುವುದನ್ನು ಬಿಟ್ಟು ಅದರ ಬೇರನ್ನೇ ಒಣಗಿಸತೊಡಗುವುದು ಎಂಬುದು.

ಭಾರತದಲ್ಲಿ ಈ ಪ್ರಶ್ನೆ ಎಲ್ಲರ ಬಾಯಿಗೂ ಬಂದದ್ದು ೨೦೨೪ರ ಸೆಪ್ಟೆಂಬರಿನಲ್ಲಿ. ಬ್ರಿಟನ್ನಿನ ಕೋಲ್ಡ್‌ಪ್ಲೇ ತಂಡವು ೨೦೨೫ರ ಜನವರಿಯಲ್ಲಿ ಮುಂಬಯಿಗೆ ಬರಲಿದ್ದಿತು. ಟಿಕೆಟ್ಟಿನ ಬೆಲೆ ೨,೫೦೦ ರೂಪಾಯಿಗಳಿಂದ ೩೫,೦೦೦ ರೂಪಾಯಿಗಳವರೆಗೆ ಇದ್ದಿತು. ಮಾರಾಟ ತೆರೆದ ದಿನ ಬುಕ್‌ಮೈಶೋ ಸಂಸ್ಥೆಯ ಏರ್ಪಾಡು ಜನರ ನೂಕುನುಗ್ಗಲನ್ನು ತಾಳಲಾರದೆ ಕುಸಿಯಿತು. ಬಳಿಕ ಅವೇ ಟಿಕೆಟ್ಟುಗಳು ಮರುಮಾರಾಟದಲ್ಲಿ ಲಕ್ಷಗಟ್ಟಲೆ ಬೆಲೆಗೆ ಕಾಣಿಸಿಕೊಂಡವು. ಅದಕ್ಕೆ ತುಸು ಮೊದಲು, ಅದೇ ವರ್ಷದ ಆಗಸ್ಟ್ ತಿಂಗಳ ಕೊನೆಯಲ್ಲಿ, ಬ್ರಿಟನ್ನಿನಲ್ಲಿಯೇ ಓಯೇಸಿಸ್ ತಂಡದ ಕಛೇರಿಗಳಿಗೆ ೧೫೦ ಪೌಂಡುಗಳ ಸಮೀಪದಲ್ಲಿದ್ದ ನಿಲ್ಲುವ ಜಾಗದ ಟಿಕೆಟ್ಟುಗಳು ತೀರುತ್ತಲೇ ಅದೇ ಬಗೆಯ ಜಾಗಕ್ಕೆ ೩೫೦ ಪೌಂಡುಗಳಿಗೂ ಮಿಕ್ಕ ಬೆಲೆಯನ್ನು ಕೇಳಲಾಯಿತು. ಗಂಟೆಗಟ್ಟಲೆ ಸರದಿಯಲ್ಲಿ ಕಾದವರು ಕೊನೆಗೆ ಎದುರಿಸಿದ್ದು ಈ ಬೆಲೆಯನ್ನು.

ಈ ಸಂಗತಿಗಳ ಮೇಲೆ ನಡೆದ ವಾದವಿವಾದದಲ್ಲಿ ಎರಡು ಪಕ್ಷಗಳು ಕಂಡುಬಂದವು. ಬೇಡಿಕೆ ಹೆಚ್ಚಿದ ವಸ್ತುವಿಗೆ ಬೆಲೆ ಹೆಚ್ಚುವುದು ಸಹಜ; ಕೊಡುವವರು ಇರುವಾಗ ಕೇಳುವುದು ತಪ್ಪಲ್ಲ ಎಂಬುದು ಒಂದು ಪಕ್ಷ. ಇದು ಹಗಲುದರೋಡೆ, ಸರಕಾರ ಇದನ್ನು ತಡೆಯಬೇಕು ಎಂಬುದು ಇನ್ನೊಂದು. ಇವೆರಡೂ ಪರಸ್ಪರ ವಿರುದ್ಧವಾಗಿ ತೋರಿದರೂ ಒಂದು ವಿಷಯದಲ್ಲಿ ಒಂದೇ ಆಗಿವೆ. ಎರಡೂ ಟಿಕೆಟ್ಟನ್ನು ಕೊಳ್ಳುವವನಿಗೂ ಮಾರುವವನಿಗೂ ನಡುವಣ ವ್ಯವಹಾರವೆಂದಷ್ಟೇ ಎಣಿಸುತ್ತವೆ. ಶ್ರೋತೃವು ಸಿದ್ಧವಾದ ಪದಾರ್ಥವೊಂದನ್ನು ಕೊಳ್ಳಬಂದ ಗಿರಾಕಿಯೆಂದು ಎರಡೂ ಒಪ್ಪಿಕೊಂಡುಬಿಟ್ಟಿವೆ. ಸಂಗೀತದ ವಿಷಯದಲ್ಲಿ ಈ ಗ್ರಹಿಕೆಯೇ ಸರಿಯಲ್ಲ. ಶ್ರೋತೃವು ಕಛೇರಿಯ ಒಂದು ಅಂಗ. ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಆದರೆ ಪ್ರವೇಶಧನದ ಚರ್ಚೆಯಲ್ಲಿ ಇದನ್ನು ನೆನೆದವರು ವಿರಳ.

೨

ಮೊದಲು ಟಿಕೆಟ್ಟಿನ ಪೂರ್ವಚರಿತ್ರೆಯನ್ನು ಸಂಕ್ಷೇಪವಾಗಿ ನೋಡಬಹುದು. ಯೂರೋಪಿನಲ್ಲಿ ಹಣಕೊಟ್ಟವರಿಗೆಲ್ಲ ತೆರೆದ ಕಛೇರಿಯ ಮೊದಲ ಪ್ರಸಿದ್ಧ ಉದಾಹರಣೆ ಲಂಡನ್ನಿನದು. ಅಲ್ಲಿ ೧೬೭೨ರ ಡಿಸೆಂಬರಿನಲ್ಲಿ ಜಾನ್ ಬ್ಯಾನಿಸ್ಟರ್ ಎಂಬ ಪಿಟೀಲು ವಾದಕನು ತನ್ನ ಮನೆಯಲ್ಲಿಯೇ ಕಛೇರಿಗಳನ್ನು ಏರ್ಪಡಿಸಿ ತಲೆಗೊಂದು ಷಿಲಿಂಗನ್ನು ಪಡೆದನು. ಅವನು ಮೊದಲು ರಾಜನ ಆಸ್ಥಾನದಲ್ಲಿ ಇದ್ದವನು. ಅರಮನೆಯ ಒಳಗೆ ಆಹ್ವಾನಿತರಿಗೆ ಮಾತ್ರ ದೊರೆಯುತ್ತಿದ್ದ ವಾದನವು ಅಂದಿನಿಂದ ಒಂದು ಷಿಲಿಂಗ್ ಇದ್ದ ಯಾವನಿಗಾದರೂ ದೊರೆಯುವಂತಾಯಿತು.

ಭಾರತದಲ್ಲಿ ಇದೇ ಬದಲಾವಣೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಡೆಯಿತು. ವಿಷ್ಣು ದಿಗಂಬರ ಪಲುಸ್ಕರರು ೧೯೦೧ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿ, ರಾಜಾಶ್ರಯವನ್ನೇ ನೆಚ್ಚದೆ, ಸಾರ್ವಜನಿಕರ ನೆರವಿನಿಂದಲೂ ಕಛೇರಿಗಳ ಆದಾಯದಿಂದಲೂ ಅದನ್ನು ನಡೆಸಿದರು. ಬೆಂಗಳೂರಿನಲ್ಲಿ ೧೯೦೫ರಲ್ಲಿ ಗಾಯನ ಸಮಾಜ ಹುಟ್ಟಿತು. ಮದರಾಸಿನಲ್ಲಿ ೧೯೨೭ರ ಸಂಗೀತ ಸಮ್ಮೇಲನದ ಫಲವಾಗಿ ೧೯೨೮ರಲ್ಲಿ ಸಂಗೀತ ಅಕಾಡೆಮಿ ರೂಪುಗೊಂಡಿತು. ಮೈಸೂರು ಅರಮನೆಯು ಆಗಲೂ ವಿದ್ವಾಂಸರಿಗೆ ಆಶ್ರಯವಿತ್ತಿದ್ದರೂ ವೀಣೆ ಶೇಷಣ್ಣನವರ ವಾದನವನ್ನು ಕೇಳಲು ಎಲ್ಲರಿಗೂ ದರ್ಬಾರಿನಲ್ಲಿ ಸ್ಥಾನವಿರಲಿಲ್ಲ. ಶ್ರೀಮಂತರ ಮದುವೆಮನೆಯ ಕಛೇರಿಗೆ ಹಣ ಬೇಕಾಗಿರಲಿಲ್ಲ, ಆದರೆ ನಂಟೋ ಪರಿಚಯವೋ ಬೇಕಾಗಿತ್ತು. ದೇವಾಲಯದ ಪ್ರಾಕಾರಕ್ಕೆ ಜಾತಿಯ ಕಟ್ಟುಪಾಡು ಇದ್ದೇ ಇತ್ತು. ಆದುದರಿಂದ ಹಿಂದಿನ ಕಾಲದಲ್ಲಿ ಸಂಗೀತವು ಎಲ್ಲರಿಗೂ ಪುಕ್ಕಟೆಯಾಗಿ ದೊರೆಯುತ್ತಿದ್ದಿತೆಂದು ಹಂಬಲಿಸುವುದು ಚರಿತ್ರೆಗೆ ಒಪ್ಪುವ ಮಾತಲ್ಲ. ಕುಲವನ್ನೂ ಪರಿಚಯವನ್ನೂ ಕೇಳದೆ ಕೆಲವು ಆಣೆಗಳನ್ನು ಮಾತ್ರ ಕೇಳಿದ ಟಿಕೆಟ್ಟು ಆ ಕಾಲಕ್ಕೆ ಬಾಗಿಲನ್ನು ತೆರೆದ ಕೀಲಿಕೈಯೇ ಆಗಿದ್ದಿತು.

ಇಂದಿನ ಸ್ಥಿತಿಯ ವೈಪರೀತ್ಯ ಇರುವುದು ಇಲ್ಲಿಯೇ. ಬಾಗಿಲನ್ನು ತೆರೆಯಲೆಂದು ಬಂದ ಸಾಧನವು ಬಾಗಿಲನ್ನು ಮುಚ್ಚುವ ಅಗುಳಿಯಾಗುತ್ತಿದೆ. ದರ್ಬಾರು ಹೋಗಿ ಸಭೆ ಬಂದಿತು. ಸಭೆಯೊಳಗೆ ಮತ್ತೆ ದರ್ಬಾರು ಬರುತ್ತಿದೆ.

೩

ಬೆಲೆ ಏಕೆ ಏರಿತು? ಇದಕ್ಕೆ ಅರ್ಥಶಾಸ್ತ್ರಜ್ಞರು ಕೊಟ್ಟಿರುವ ಉತ್ತರಗಳಲ್ಲಿ ಬಹಳ ಪ್ರಸಿದ್ಧವಾದುದು ಅಮೆರಿಕದ ವಿಲಿಯಂ ಬೌಮಲ್, ವಿಲಿಯಂ ಬೋವನ್ ಎಂಬಿಬ್ಬರು ೧೯೬೬ರಲ್ಲಿ ಪ್ರಕಟಿಸಿದ ಗ್ರಂಥದ್ದು. ಅವರ ವಾದದ ಸಾರ ಇಷ್ಟು: ಗಿರಣಿಯಲ್ಲಿ ಯಂತ್ರ ಸುಧಾರಿಸಿದಂತೆಲ್ಲ ಒಬ್ಬ ಕೆಲಸಗಾರನು ದಿನಕ್ಕೆ ನೇಯುವ ಬಟ್ಟೆ ಹೆಚ್ಚುತ್ತದೆ, ಅದಕ್ಕೆ ತಕ್ಕಂತೆ ಕೂಲಿಯೂ ಹೆಚ್ಚಬಹುದು. ಆದರೆ ನಾಲ್ವರು ವಾದಕರಿಗಾಗಿ ರಚಿತವಾದ ಕೃತಿಯನ್ನು ನುಡಿಸಲು ಇನ್ನೂರು ವರ್ಷಗಳ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಾಗಿದ್ದಿತೋ ಇಂದೂ ಅಷ್ಟೇ ಬೇಕು. ಇತರ ಕಸಬುಗಳಲ್ಲಿ ಕೂಲಿ ಏರಿದಾಗ ವಾದಕನ ಸಂಭಾವನೆಯೂ ಏರದಿದ್ದರೆ ಅವನು ಬದುಕಲಾರ. ಏರಿದರೆ ಟಿಕೆಟ್ಟು ತುಟ್ಟಿಯಾಗದೆ ತೀರದು. ಈ ಮಾತು ಕರ್ನಾಟಕ ಸಂಗೀತಕ್ಕೂ ಹೊಂದುತ್ತದೆ. ತೋಡಿಯ ಆಲಾಪನೆಯನ್ನು ಯಂತ್ರದ ಸಹಾಯದಿಂದ ಅರ್ಧ ಹೊತ್ತಿನಲ್ಲಿ ಮುಗಿಸುವ ಉಪಾಯವಿಲ್ಲ. ಮುಗಿಸಿದರೆ ಅದು ತೋಡಿಯೇ ಅಲ್ಲ.

ಆದರೆ ಈ ಸಿದ್ಧಾಂತವು ಬೆಲೆಯ ನಿಧಾನವಾದ ಏರಿಕೆಯನ್ನು ವಿವರಿಸುವುದೇ ಹೊರತು ನೆಗೆತವನ್ನಲ್ಲ. ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು ೨೦೦೫ರಲ್ಲಿ ತೋರಿಸಿಕೊಟ್ಟಂತೆ ೧೯೯೬ರಿಂದ ೨೦೦೩ರವರೆಗೆ ಅಮೆರಿಕದಲ್ಲಿ ಸಾಮಾನ್ಯ ಬೆಲೆಗಳು ನೂರಕ್ಕೆ ೧೭ರಷ್ಟು ಏರಿದಾಗ ಕಛೇರಿಯ ಟಿಕೆಟ್ಟುಗಳು ನೂರಕ್ಕೆ ೮೨ರಷ್ಟು ಏರಿದವು. ಇದಕ್ಕೆ ಬೇರೆ ಕಾರಣಗಳನ್ನು ಹುಡುಕಬೇಕು. ಮೊದಲನೆಯದು ಧ್ವನಿಮುದ್ರಣದ ಅಗ್ಗವಾಗುವಿಕೆ. ೧೯೯೯ರಲ್ಲಿ ಅಂತರ್ಜಾಲದ ಮೂಲಕ ಹಾಡುಗಳ ವಿನಿಮಯ ತೊಡಗಿದ ಮೇಲೆ ಮುದ್ರಿಕೆಯ ಮಾರಾಟ ಕುಸಿಯಿತು. ಹಿಂದೆ ಮುದ್ರಿಕೆ ಮಾರಲೆಂದು ಕಛೇರಿ ನಡೆಸುತ್ತಿದ್ದ ಗಾಯಕರು ಈಗ ಕಛೇರಿಯಿಂದಲೇ ಜೀವಿಸಬೇಕಾಯಿತು. ಎರಡನೆಯದನ್ನು ಷೆರ್ವಿನ್ ರೋಸೆನ್ ಎಂಬವರು ೧೯೮೧ರಲ್ಲಿ ಸೂತ್ರೀಕರಿಸಿದರು: ಒಬ್ಬನ ಧ್ವನಿ ಅನಂತ ಜನರಿಗೆ ತಲಪುವ ಸಾಧನಗಳು ಬಂದಾಗ, ಪ್ರತಿಭೆಯಲ್ಲಿನ ಅಲ್ಪ ವ್ಯತ್ಯಾಸವು ಸಂಪಾದನೆಯಲ್ಲಿ ಅಗಾಧ ವ್ಯತ್ಯಾಸವಾಗುತ್ತದೆ. ಟಿ. ಚೌಡಯ್ಯನವರು ತಮ್ಮ ಪಿಟೀಲಿಗೆ ಏಳು ತಂತಿಗಳನ್ನು ಹೂಡಿದ್ದು ದೊಡ್ಡ ಸಭೆಯ ಕೊನೆಯ ಸಾಲಿಗೂ ನಾದ ಮುಟ್ಟಲೆಂದು. ಅಲ್ಲಿಂದ ಧ್ವನಿವರ್ಧಕಕ್ಕೆ, ಧ್ವನಿವರ್ಧಕದಿಂದ ಲಕ್ಷ ಜನರ ಮೈದಾನಕ್ಕೆ ಬಂದಾಗ ಫಲವೇನಾಯಿತೆಂಬುದಕ್ಕೆ ಟೇಲರ್ ಸ್ವಿಫ್ಟ್ ಎಂಬ ಗಾಯಕಿಯ ಒಂದೇ ಪ್ರವಾಸ ಸಾಕ್ಷಿಯಾಗಿದೆ. ೨೦೨೩ರ ಮಾರ್ಚಿಯಿಂದ ೨೦೨೪ರ ಡಿಸೆಂಬರಿನವರೆಗೆ ನಡೆದ ೧೪೯ ಕಛೇರಿಗಳ ಟಿಕೆಟ್ಟಿನ ಆದಾಯ ೨೦೦ ಕೋಟಿ ಡಾಲರುಗಳನ್ನು ಮೀರಿತು.

ಮೂರನೆಯದು ವ್ಯಾಪಾರದ ಏಕಸ್ವಾಮ್ಯ. ಕಛೇರಿಗಳನ್ನು ಏರ್ಪಡಿಸುವ ಲೈವ್ ನೇಷನ್, ಟಿಕೆಟ್ಟುಗಳನ್ನು ಮಾರುವ ಟಿಕೆಟ್‌ಮಾಸ್ಟರ್ ಎಂಬೆರಡು ಸಂಸ್ಥೆಗಳು ೨೦೧೦ರಲ್ಲಿ ಒಂದಾದವು. ಈ ಕೂಡಿಕೆಯಿಂದ ಸ್ಪರ್ಧೆ ನಾಶವಾಯಿತೆಂದು ಆರೋಪಿಸಿ ಅಮೆರಿಕದ ನ್ಯಾಯಾಂಗ ಇಲಾಖೆಯು ೨೦೨೪ರ ಮೇ ತಿಂಗಳಲ್ಲಿ ದಾವೆ ಹೂಡಿತು. ಸಂಸ್ಥೆಯು ಆರೋಪವನ್ನು ನಿರಾಕರಿಸಿತು.

ಈ ಮೂರು ಕಾರಣಗಳಲ್ಲಿ ಒಂದೂ ಸಂಗೀತದ ಸ್ವರೂಪದಿಂದ ಹುಟ್ಟಿದುದಲ್ಲವೆಂಬುದು ಗಮನಾರ್ಹವಾಗಿದೆ. ಒಬ್ಬ ಗಾಯಕ, ಪಿಟೀಲು, ಮೃದಂಗ, ಘಟ, ತಂಬೂರಿ ಇಷ್ಟರಿಂದ ಪೂರ್ಣವಾಗುವ ಕಛೇರಿಗೆ ದೀಪಾಲಂಕಾರವೂ ಬೇಡ, ರಂಗಸಜ್ಜಿಕೆಯೂ ಬೇಡ. ಕಲೆಗೆ ಬೇಕಾದ ವೆಚ್ಚ ಯಾವುದು, ಪ್ರದರ್ಶನದ ವೈಭವಕ್ಕೂ ಕೃತಕವಾದ ಅಭಾವಕ್ಕೂ ತೆರುವ ವೆಚ್ಚ ಯಾವುದು ಎಂಬ ವಿವೇಚನೆ ಮಾಡದೆ, ಕಲೆ ದುಬಾರಿಯಾಯಿತೆಂದು ಒಟ್ಟಾಗಿ ಹೇಳಿಬಿಡುವುದು ತಪ್ಪಾಗುತ್ತದೆ.

೪

ಈಗ ಮುಖ್ಯ ವಿಷಯಕ್ಕೆ ಬರಬಹುದು. ಸಹೃದಯನೆಂದರೆ ಯಾರು ಎಂಬ ಪ್ರಶ್ನೆಗೆ ಅಭಿನವಗುಪ್ತನು ಕೊಡುವ ಉತ್ತರದಲ್ಲಿ ಅಭ್ಯಾಸಕ್ಕೆ ಪ್ರಧಾನಸ್ಥಾನವಿದೆ. ಕಾವ್ಯಗಳನ್ನು ಬಿಡದೆ ಅನುಶೀಲಿಸಿದುದರಿಂದ ಯಾರ ಮನಸ್ಸು ಕನ್ನಡಿಯಂತೆ ತಿಳಿಯಾಗಿದೆಯೋ ಅವರೇ ಸಹೃದಯರೆಂಬುದು ಅವನ ಅಭಿಪ್ರಾಯ. ಸಹೃದಯತೆ ಹುಟ್ಟಿನಿಂದ ಬರುವುದಷ್ಟೇ ಅಲ್ಲ, ಒಂದು ಸಂಜೆಯಲ್ಲಿ ಕೊಳ್ಳತಕ್ಕದ್ದೂ ಅಲ್ಲ. ಬಹುಕಾಲದ ಸಂಸರ್ಗದಿಂದ ಕೂಡಿಬರುವಂಥದು. ಕನ್ನಡದಲ್ಲಿ ಇದಕ್ಕೆ ಇನ್ನೂ ಹತ್ತಿರದ ಸಾಕ್ಷ್ಯವಿದೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡನಾಡಿನ ಜನರನ್ನು ಕೊಂಡಾಡುವಾಗ, ಕ್ರಮವಾಗಿ ಓದದಿದ್ದವರೂ ಕಾವ್ಯದ ಮರ್ಮವನ್ನು ಬಲ್ಲರೆಂದು ಹೇಳುತ್ತದೆ. ಈ ಮಾತನ್ನು ದೇಶಾಭಿಮಾನದ ಉತ್ಪ್ರೇಕ್ಷೆಯೆಂದು ತಳ್ಳಿಹಾಕದೆ ವಿಚಾರಿಸುವುದಾದರೆ, ಓದದವರಿಗೆ ಕಾವ್ಯಪರಿಚಯ ಬಂದುದೆಲ್ಲಿಂದ ಎಂಬ ಪ್ರಶ್ನೆ ಏಳುತ್ತದೆ. ಕೇಳಿ ಬಂದಿತೆಂಬುದಲ್ಲದೆ ಬೇರೆ ಉತ್ತರವಿಲ್ಲ. ಈಚಿನ ಶತಮಾನಗಳಲ್ಲಿ ಊರ ಜಗಲಿಯ ಮೇಲೆ ನಡೆದ ಭಾರತವಾಚನವೂ ಬಯಲಾಟವೂ ಮಾಡಿದ ಕೆಲಸ ಇದೇ. ಈ ಕಿವಿಯ ಪಾಠಶಾಲೆಗೆ ಶುಲ್ಕವಿರಲಿಲ್ಲ. ಮೇಲಾಗಿ ಹಾಜರಿ ಬಹಳವಿತ್ತು.

ಸಂಗೀತದಲ್ಲಿ ಶ್ರೋತೃವಿನ ಪಾತ್ರ ಕಾವ್ಯದಲ್ಲಿರುವುದಕ್ಕಿಂತಲೂ ಹೆಚ್ಚಿನದು. ಕವಿಯು ಕಾವ್ಯವನ್ನು ಬರೆದು ಮುಗಿಸಿದ ಮೇಲೆ ಓದುಗನು ಬರುತ್ತಾನೆ. ಗಾಯಕನಾದರೋ ಶ್ರೋತೃವಿನ ಎದುರಿನಲ್ಲಿಯೇ ರಚಿಸುತ್ತಾನೆ. ಆಲಾಪನೆ, ನೆರವಲು, ಸ್ವರಪ್ರಸ್ತಾರಗಳೆಂಬ ಮನೋಧರ್ಮದ ಭಾಗಗಳು ಆ ಗಳಿಗೆಯಲ್ಲಿ ಹುಟ್ಟತಕ್ಕವು. ಮುಂದಿನ ಸಾಲಿನಲ್ಲಿ ಕುಳಿತವನ ತಲೆದೂಗು, ತಾಳ ಹಾಕುವ ಬೆರಳು, ಅಪರೂಪದ ಒಂದು ಸಂಚಾರ ಬಂದಾಗ ತಾನಾಗಿ ಹೊರಡುವ ‘ಭಲೆ’ ಎಂಬ ಉದ್ಗಾರ, ಇವುಗಳಿಂದ ಗಾಯಕನು ತನ್ನ ದಾರಿಯನ್ನು ತಿಳಿದುಕೊಳ್ಳುತ್ತಾನೆ. ಒಂದೇ ಕೃತಿಯನ್ನು ಹತ್ತು ಮಂದಿ ವಿದ್ವಾಂಸರ ಬಾಯಲ್ಲಿ ಕೇಳಿದವನಿಗೆ ಹನ್ನೊಂದನೆಯವರು ಮಾಡಿದ ಹೊಸತು ಗೊತ್ತಾಗುತ್ತದೆ. ಒಮ್ಮೆಯೂ ಕೇಳದವನಿಗೆ ಹಳತೂ ಹೊಸತೂ ಒಂದೇ. ಅಂತಹ ಶ್ರೋತೃಗಳೇ ತುಂಬಿದ ಸಭೆಯಲ್ಲಿ ಗಾಯಕನ ಧೈರ್ಯ ಕುಗ್ಗುವುದು ಸ್ವಾಭಾವಿಕ. ಅವನು ಚಪ್ಪಾಳೆ ಖಚಿತವಾಗಿ ಬರುವ ಸ್ಥಳವನ್ನೇ ಮತ್ತೆ ಮತ್ತೆ ಹಿಡಿಯುತ್ತಾನೆ.

ಪ್ರವೇಶಧನದ ಪರಿಣಾಮವನ್ನು ಅಳೆಯಬೇಕಾದುದು ಇಲ್ಲಿ. ಒಬ್ಬ ಶಾಲಾ ಉಪಾಧ್ಯಾಯನು ವರ್ಷಕ್ಕೆ ಮೂರು ಸಾವಿರ ರೂಪಾಯಿಗಳನ್ನು ಸಂಗೀತಕ್ಕಾಗಿ ವಿನಿಯೋಗಿಸಬಲ್ಲನೆಂದು ಭಾವಿಸಬಹುದು. ಟಿಕೆಟ್ಟು ನೂರು ರೂಪಾಯಿಯಾದರೆ ಅವನು ಮೂವತ್ತು ಕಛೇರಿಗಳನ್ನು ಕೇಳುತ್ತಾನೆ. ಮೂರು ಸಾವಿರವಾದರೆ ಒಂದನ್ನು. ಎರಡು ಪಕ್ಷದಲ್ಲಿಯೂ ಸಂಗೀತಲೋಕಕ್ಕೆ ಬಂದ ಹಣ ಒಂದೇ. ಲೆಕ್ಕದ ಪುಸ್ತಕದಲ್ಲಿ ನಷ್ಟ ಕಾಣುವುದಿಲ್ಲ. ಆದರೆ ಮೊದಲನೆಯ ಪಕ್ಷದಲ್ಲಿ ಒಬ್ಬ ರಸಿಕನು ತಯಾರಾದನು. ಎರಡನೆಯದರಲ್ಲಿ ಒಬ್ಬ ಪ್ರೇಕ್ಷಕನು ಬಂದುಹೋದನು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಹಾನಿಯುಂಟು. ಮೂವತ್ತು ಕಛೇರಿಗಳಿಗೆ ಹೋಗುವವನು ನಾಲ್ಕಾರನ್ನು ಹೆಸರು ಕೇಳದ ಕಿರಿಯರಿಗಾಗಿ ಮೀಸಲಿಡಬಲ್ಲನು. ಒಂದು ಸಂಜೆ ಬೇಸರವಾದರೂ ಅವನಿಗೆ ದೊಡ್ಡ ನಷ್ಟವಿಲ್ಲ. ವರ್ಷಕ್ಕೊಂದು ಕಛೇರಿಯನ್ನು ಕೇಳುವವನು ಈ ಸಾಹಸಕ್ಕೆ ಇಳಿಯಲಾರನು. ಪ್ರಸಿದ್ಧರಲ್ಲಿ ಪ್ರಸಿದ್ಧರನ್ನೇ ಆರಿಸಿ, ಅವರಿಂದಲೂ ತನಗೆ ಮೊದಲೇ ಗೊತ್ತಿರುವ ಹಾಡನ್ನೇ ಬಯಸುತ್ತಾನೆ. ಕೊಟ್ಟ ಹಣಕ್ಕೆ ಖಾತರಿ ಬೇಕು. ಹೀಗೆ ದುಬಾರಿ ಟಿಕೆಟ್ಟು ಯಾರು ಬರಬೇಕೆಂಬುದನ್ನು ಗೊತ್ತುಮಾಡುವುದಲ್ಲದೆ, ಬಂದವರು ಏನನ್ನು ಕೇಳಬಯಸುತ್ತಾರೆಂಬುದನ್ನೂ ಗೊತ್ತುಮಾಡುತ್ತದೆ. ಅಪೂರ್ವ ರಾಗಗಳೂ ದೀರ್ಘ ಪಲ್ಲವಿಗಳೂ ಕಿರಿಯ ಪ್ರತಿಭೆಗಳೂ ಮೊದಲು ಬಲಿಯಾಗುತ್ತವೆ. ಕಲೆಯು ಶ್ರೀಮಂತವಾಗಿ ಕಾಣುತ್ತಿರುವಾಗಲೇ ಅದರ ಬಂಡವಾಳ ಕರಗುತ್ತಿರುತ್ತದೆ.

೫

ಈ ದೃಷ್ಟಿಯಿಂದ ಕನ್ನಡನಾಡಿನ ಕೆಲವು ಏರ್ಪಾಡುಗಳು ಪರಿಶೀಲನಾರ್ಹವಾಗಿವೆ. ಬಿಡಾರಂ ಕೃಷ್ಣಪ್ಪನವರು ತಮ್ಮ ಸಂಪಾದನೆಯನ್ನು ವಿನಿಯೋಗಿಸಿ ಮೈಸೂರಿನಲ್ಲಿ ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿದರು. ಹಾಡಿನಿಂದ ಬಂದ ಹಣ ಹಾಡನ್ನು ಕೇಳುವ ಸ್ಥಳವಾಗಿ ಊರಿಗೆ ಹಿಂದಿರುಗಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ೧೯೩೯ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಲಿಯ ರಾಮನವಮಿ ಸಂಗೀತೋತ್ಸವದಲ್ಲಿ, ಕೋಟೆ ಪ್ರೌಢಶಾಲೆಯ ಮೈದಾನದ ಚಪ್ಪರದೊಳಗೆ ಟಿಕೆಟ್ಟು ಪಡೆದವರು ಕುಳಿತರೆ, ಹೊರಗೆ ನಿಂತು ಕೇಳಿದವರಿಗೂ ಸಂಗೀತ ದಕ್ಕಿತು. ಚಪ್ಪರಕ್ಕೆ ಗೋಡೆಯಿಲ್ಲದಿರುವುದು ಇಲ್ಲಿ ಒಂದು ಗುಣ. ಮೈಸೂರಿನ ಒಂಟಿಕೊಪ್ಪಲಿನ ೮ನೆಯ ಅಡ್ಡರಸ್ತೆಯ ಗಣೇಶೋತ್ಸವದಲ್ಲಿ ಬೀದಿಯೇ ಸಭಾಂಗಣ. ದೊಡ್ಡ ವಿದ್ವಾಂಸರ ಗಾಯನವನ್ನು ದಾರಿಹೋಕನೂ ನಿಂತು ಕೇಳಬಲ್ಲನು. ಕುಂದಗೋಳದ ನಾಡಿಗೇರ ವಾಡೆಯಲ್ಲಿ ಸವಾಯಿ ಗಂಧರ್ವರ ಸ್ಮರಣಾರ್ಥವಾಗಿ ನಡೆಯುವ ಅಹೋರಾತ್ರಿ ಸಂಗೀತವೂ ಈ ಜಾತಿಗೇ ಸೇರಿದುದು. ಅದೇ ಗುರುವಿನ ಹೆಸರಿನಲ್ಲಿ ಭೀಮಸೇನ ಜೋಶಿಯವರು ೧೯೫೩ರಲ್ಲಿ ಪುಣೆಯಲ್ಲಿ ಆರಂಭಿಸಿದ ಮಹೋತ್ಸವವು ಬಹಳ ದೊಡ್ಡದಾಗಿ ಬೆಳೆದರೂ, ಕುರ್ಚಿಯವರಿಂದ ಹೆಚ್ಚು ಪಡೆದು ನೆಲದ ಮೇಲೆ ಕುಳಿತವರಿಗೆ ಕಡಿಮೆ ದರವನ್ನಿಡುವ ಪದ್ಧತಿಯಿಂದ ಬಹುಸಂಖ್ಯೆಯ ಸಾಮಾನ್ಯ ಶ್ರೋತೃಗಳನ್ನು ಉಳಿಸಿಕೊಂಡು ಬಂದಿತು.

ಇವನ್ನು ಹೊಗಳುವಾಗ ಒಂದು ದೋಷವನ್ನು ಮುಚ್ಚಿಡುವುದು ಸಲ್ಲದು. ಕೇಳುವವರಿಗೆ ಪುಕ್ಕಟೆಯಾದ ಕಛೇರಿಯ ವೆಚ್ಚವನ್ನು ಯಾರಾದರೂ ತೆರಲೇಬೇಕು. ಹಲವೆಡೆ ಅದನ್ನು ತೆರುವವರು ಕಲಾವಿದರೇ. ಎಳೆಯ ಗಾಯಕರಿಗೂ ಪಕ್ಕವಾದ್ಯದವರಿಗೂ ದೊರೆಯುವ ಸಂಭಾವನೆ ಪ್ರಯಾಣದ ವೆಚ್ಚಕ್ಕೂ ಸಾಲದೆಂಬ ದೂರು ಹಳೆಯದು, ನಿಜವಾದುದು. ಭಕ್ತಿಯ ಹೆಸರಿನಲ್ಲಿಯೋ ಅವಕಾಶದ ಹೆಸರಿನಲ್ಲಿಯೋ ದುಡಿಮೆಯನ್ನು ಬಿಟ್ಟಿಯಾಗಿ ಪಡೆಯುವುದು ಸಹೃದಯತೆಯ ಲಕ್ಷಣವಲ್ಲ. ಆದುದರಿಂದ ಟಿಕೆಟ್ಟು ಬೇಡವೆಂಬುದು ಈ ವಿಮರ್ಶೆಯ ಅಭಿಪ್ರಾಯವಲ್ಲ. ಉಳ್ಳವರಿಂದ ಹೆಚ್ಚು ಪಡೆದು, ಕಲಿಯುವ ಕಿವಿಗಳಿಗೆ ಬಾಗಿಲನ್ನು ತೆರೆದಿಡುವ ಏರ್ಪಾಡು ಬೇಕೆಂಬುದು ಅಭಿಪ್ರಾಯ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಬೆಲೆಯನ್ನು ಕಡಿಮೆಯಿಟ್ಟರೆ ಲಾಭ ಕಾಳಸಂತೆಯವರ ಪಾಲಾಗುವುದೆಂಬುದು ಮೊದಲನೆಯದು. ಇದು ಅರ್ಥಶಾಸ್ತ್ರಜ್ಞರ ಮಾತು, ಸುಳ್ಳಲ್ಲ. ಆದರೆ ಇದರ ಪರಿಹಾರ ಬೆಲೆಯನ್ನು ಕಾಳಸಂತೆಯ ಮಟ್ಟಕ್ಕೆ ಏರಿಸುವುದಲ್ಲ, ಮರುಮಾರಾಟವನ್ನು ಕಟ್ಟುವುದು. ಟಿಕೆಟ್ಟಿನ ಮೇಲೆ ನಮೂದಾದ ಬೆಲೆಗಿಂತ ಹೆಚ್ಚಿಗೆ ಮರುಮಾರಾಟ ಮಾಡುವುದನ್ನು ನಿಷೇಧಿಸುವ ಉದ್ದೇಶವನ್ನು ಬ್ರಿಟನ್ನಿನ ಸರಕಾರ ೨೦೨೫ರ ನವೆಂಬರಿನಲ್ಲಿ ಪ್ರಕಟಿಸಿತು. ಮೈದಾನದ ಸಂಗೀತವೇ ಬೇರೆ, ಶಾಸ್ತ್ರೀಯ ಕಛೇರಿಯೇ ಬೇರೆ. ಒಂದರ ನ್ಯಾಯ ಇನ್ನೊಂದಕ್ಕೆ ಹೊಂದದು ಎಂಬುದು ಎರಡನೆಯದು. ರೂಪದಲ್ಲಿ ಭೇದವಿರುವುದು ನಿಜ. ಬೆಳವಣಿಗೆಯ ಕ್ರಮದಲ್ಲಿ ಭೇದವಿಲ್ಲ. ಇಂದು ಮೈದಾನವನ್ನು ತುಂಬುವ ಗಾಯಕರೂ ಹಿಂದೆ ನೂರು ಜನರ ಕೋಣೆಗಳಲ್ಲಿ ಹಾಡಿಯೇ ಬಲಿತವರು. ಆ ಕೋಣೆಗಳ ಗತಿಯೇನಾಗುತ್ತಿದೆಯೆಂಬುದನ್ನು ಬ್ರಿಟನ್ನಿನ ಮ್ಯೂಸಿಕ್ ವೆನ್ಯೂ ಟ್ರಸ್ಟ್ ಲೆಕ್ಕವಿಟ್ಟಿದೆ: ೨೦೨೩ ಒಂದೇ ವರ್ಷದಲ್ಲಿ ಅಂತಹ ೧೨೫ ಸ್ಥಳಗಳಲ್ಲಿ ಸಂಗೀತ ನಿಂತುಹೋಯಿತು. ದೊಡ್ಡ ಕಛೇರಿಗಳ ಪ್ರತಿಯೊಂದು ಟಿಕೆಟ್ಟಿನಿಂದ ಒಂದು ಪೌಂಡನ್ನು ತೆಗೆದು ಸಣ್ಣ ಸ್ಥಳಗಳಿಗೆ ಕೊಡಬೇಕೆಂಬ ಆ ಸಂಸ್ಥೆಯ ಸೂಚನೆಯು ಬಿಡಾರಂ ಕೃಷ್ಣಪ್ಪನವರು ಯಾರೂ ಹೇಳದೆ ಮಾಡಿದ ಕೆಲಸವನ್ನೇ ನಿಯಮವಾಗಿ ಮಾಡಬಯಸುತ್ತದೆ.

ಬೆಂಗಳೂರಿನಲ್ಲಿ ೨೦೨೫ರ ಫೆಬ್ರವರಿಯಲ್ಲಿ ನಡೆದ ಒಂದು ಘಟನೆ ಈ ಪ್ರಸಂಗದಲ್ಲಿ ವಿಚಾರಾರ್ಹವಾಗಿದೆ. ನಗರದ ಹೊರವಲಯದ ಮೈದಾನದಲ್ಲಿ ಟಿಕೆಟ್ಟಿನ ಕಛೇರಿ ನಡೆಸಲು ಬಂದಿದ್ದ ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಚರ್ಚ್ ಸ್ಟ್ರೀಟಿನಲ್ಲಿ ದಾರಿಹೋಕರಿಗಾಗಿ ಹಾಡತೊಡಗಿದನು. ಅನುಮತಿಯ ಕಾರಣವನ್ನು ಮುಂದಿಟ್ಟು ಪೊಲೀಸರು ಆ ಹಾಡನ್ನು ನಿಲ್ಲಿಸಿದರು. ಅನುಮತಿ ಇತ್ತೆಂದು ಗಾಯಕನು ಹೇಳಿದನು. ಇದರಲ್ಲಿ ಯಾರ ಮಾತು ಸರಿಯೆಂಬುದು ಇಲ್ಲಿ ಪ್ರಕೃತವಲ್ಲ. ಹಣ ಕೊಡದೆ ಸಂಗೀತ ಕೇಳುವ ಸ್ಥಳಗಳು ನಗರದಲ್ಲಿ ಎಷ್ಟು ಇಕ್ಕಟ್ಟಾಗಿವೆಯೆಂಬುದು ಪ್ರಕೃತ. ಸಂಚಾರಕ್ಕೆ ಅಡ್ಡಿಯಾಗದಂತೆ ಉದ್ಯಾನಗಳಲ್ಲಿಯೂ ಶಾಲೆಯ ಅಂಗಳಗಳಲ್ಲಿಯೂ ಇಂತಹ ಸ್ಥಳಗಳನ್ನು ಗೊತ್ತುಮಾಡುವುದು ನಗರಾಡಳಿತಕ್ಕೆ ಅಸಾಧ್ಯವಾದ ಕಾರ್ಯವಲ್ಲ. ೨೦೧೮ರಿಂದ ಸರಕು ಮತ್ತು ಸೇವಾ ತೆರಿಗೆಯು ೫೦೦ ರೂಪಾಯಿಗಳನ್ನು ಮೀರದ ಕಛೇರಿಯ ಟಿಕೆಟ್ಟಿಗೆ ವಿನಾಯಿತಿಯನ್ನು ಕೊಟ್ಟದ್ದರಿಂದ, ಕಡಿಮೆ ಬೆಲೆಯ ಕಛೇರಿಯು ಉತ್ತೇಜನಕ್ಕೆ ಪಾತ್ರವೆಂಬ ತತ್ತ್ವವನ್ನು ಕಾಯಿದೆಯೇ ಒಪ್ಪಿಕೊಂಡಂತಾಯಿತು. ಸಭೆಗಳು ಈ ತತ್ತ್ವವನ್ನು ಮುಂದುವರಿಸಿ, ಪ್ರತಿಯೊಂದು ಕಛೇರಿಯಲ್ಲಿಯೂ ಕೆಲವು ಸಾಲುಗಳನ್ನು ವಿದ್ಯಾರ್ಥಿಗಳಿಗೆ ಹೆಸರುಮಾತ್ರದ ದರದಲ್ಲಿ ಬಿಡುವುದೂ, ಪ್ರಸಿದ್ಧರ ಕಛೇರಿಯ ಆದಾಯದಲ್ಲಿ ನಿಯತವಾದ ಒಂದು ಭಾಗವನ್ನು ಕಿರಿಯರ ಸಂಭಾವನೆಗೆ ಮೀಸಲಿಡುವುದೂ ಯೋಗ್ಯವಾಗಿದೆ.

ಸಂಗೀತವು ಸತ್ತುಹೋಗುವುದೆಂಬ ಭಯಕ್ಕೆ ಆಧಾರವಿಲ್ಲ. ಧ್ವನಿಮುದ್ರಿಕೆಗಳಲ್ಲಿಯೂ ಅಂತರ್ಜಾಲದಲ್ಲಿಯೂ ಅದು ಹಿಂದೆಂದೂ ಇಲ್ಲದಷ್ಟು ಹೇರಳವಾಗಿ ದೊರೆಯುತ್ತದೆ. ದೊಡ್ಡ ಹೆಸರಿನವರ ಕಛೇರಿಗಳೂ ತುಂಬುತ್ತಲೇ ಇರುವುವು. ಅಪಾಯಕ್ಕೊಳಗಾಗಿರುವುದು ಇವೆರಡರ ನಡುವೆ ಇರುವ ವಸ್ತು: ಮಧ್ಯಮ ಪ್ರಮಾಣದ ಸಭೆ, ಪದೇ ಪದೇ ಬರುವ ಶ್ರೋತೃ, ಅವನ ಎದುರಿನಲ್ಲಿ ತಪ್ಪುತ್ತ ತಿದ್ದಿಕೊಳ್ಳುತ್ತ ಬಲಿಯುವ ಗಾಯಕ. ಇದು ಒಂದು ತಲೆಮಾರಿನ ಕಾಲ ಕಡಿದುಹೋದರೆ ಹಣವನ್ನು ಎಷ್ಟು ಸುರಿದರೂ ಬೇಗ ಕೂಡುವುದಿಲ್ಲ; ಅಭ್ಯಾಸದಿಂದ ಬಂದುದನ್ನು ಅಭ್ಯಾಸದಿಂದಲೇ ಪಡೆಯಬೇಕು. ಆದುದರಿಂದ ಸಭೆಗಳು ತಮ್ಮ ವಾರ್ಷಿಕ ವರದಿಯಲ್ಲಿ ಟಿಕೆಟ್ಟಿನ ಮೊತ್ತದೊಡನೆ ಇನ್ನೊಂದು ಸಂಖ್ಯೆಯನ್ನೂ ಬರೆದಿಡುವುದು ಒಳ್ಳೆಯದು: ಹಿಂದಿನ ವರ್ಷ ಬಂದವರಲ್ಲಿ ಎಷ್ಟು ಮಂದಿ ಈ ವರ್ಷವೂ ಬಂದರು, ಅವರಲ್ಲಿ ಎಷ್ಟು ಮಂದಿ ಮಕ್ಕಳನ್ನು ಕರೆದುಕೊಂಡು ಬಂದರು ಎಂಬುದು. ಪ್ರವೇಶಧನವು ಮಿತಿಯಲ್ಲಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ಇದಕ್ಕಿಂತ ನಂಬತಕ್ಕ ಅಳತೆ ಇರಲಾರದು.